ಪುತ್ತೂರು ಸೀಮೆಯ ಗೋಡೆ ಕ್ಯಾಲೆಂಡರು ಮತ್ತು ಕಾಲಗಣನೆಯ ಕ್ರಮಗಳು

ಪುತ್ತೂರು ತಾಲ್ಲೂಕಿನ ಕೆದಂಬಾಡಿ ಮೊದಲಾದ ಗ್ರಾಮಗಳ ಮನೆಗಳಲ್ಲಿ ಗೋಡೆಗೆ ತೂಗುವ ಕ್ಯಾಲೆಂಡರಿನ ಒಂದೊಂದು ಚೌಕದಲ್ಲಿಯೂ ಹಲವು ಕಾಲಗಣನೆಗಳು ಕೂಡಿ ವಾಸಿಸುತ್ತವೆ. ನಡುವೆ ದಪ್ಪ ಅಂಕಿಯಲ್ಲಿ ಇಂಗ್ಲಿಷ್ ತಾರೀಖು; ಸರಕಾರಿ ರಜೆಯಾದರೆ ಅದಕ್ಕೆ ಕೆಂಪು ಬಣ್ಣ; ಬದಿಯಲ್ಲಿ ತಿಥಿ, ನಕ್ಷತ್ರ, ಸೌರಮಾಸದ ದಿನ; ಹುಣ್ಣಿಮೆ ಅಮಾವಾಸ್ಯೆಗಳಿಗೆ ಚಂದ್ರಬಿಂಬದ ಗುರುತು. ಇದನ್ನು ಕೇವಲ ಮುದ್ರಕರ ಉದಾರತೆಯೆಂದು ಭಾವಿಸುವುದು ಸರಿಯಲ್ಲ. ಈ ಗಣನೆಗಳಲ್ಲಿ ಯಾವುದೊಂದನ್ನು ಬಿಟ್ಟರೂ ಇಲ್ಲಿಯ ವರ್ಷ ಪೂರ್ಣವಾಗುವುದಿಲ್ಲ.

ತುಳುನಾಡಿನ ಬೇಸಾಯಗಾರನ ವರ್ಷವು ಸೌರಮಾನದ್ದು. ಮೇಷ ಸಂಕ್ರಮಣವನ್ನನುಸರಿಸಿ ಏಪ್ರಿಲ್ ನಡುವೆ ಬರುವ ಬಿಸುವಿನಿಂದ ಪಗ್ಗು ತಿಂಗಳು ತೊಡಗುತ್ತದೆ. ಬೇಶ, ಕಾರ್ತೆಲ್, ಆಟಿ, ಸೋಣ ಮುಂತಾದವು ಅದನ್ನು ಹಿಂಬಾಲಿಸುತ್ತವೆ. ಯಕ್ಷಗಾನ ಮೇಳಗಳ ತಿರುಗಾಟಕ್ಕೂ ಭೂತಗಳ ನೇಮಗಳಿಗೂ ವಿರಾಮವನ್ನು ಸೂಚಿಸುವ ಪತ್ತನಾಜೆಯು ಬೇಶದ ಹತ್ತನೆಯ ದಿನ. ಆದರೆ ಕಡಬ ತಾಲ್ಲೂಕಿನ ಸುಬ್ರಹ್ಮಣ್ಯದ ಚಂಪಾಷಷ್ಠಿಯು ಚಾಂದ್ರಮಾನದ ಮಾರ್ಗಶಿರ ಶುದ್ಧ ಷಷ್ಠಿಯಾದ ಕಾರಣ ಇಂಗ್ಲಿಷ್ ತಾರೀಖಿನಲ್ಲಿ ಪ್ರತಿವರ್ಷವೂ ಸ್ಥಾನ ಬದಲಿಸುತ್ತದೆ. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಗಾದರೋ ಏಪ್ರಿಲ್ 10ರಂದು ಧ್ವಜಾರೋಹಣ, 17ರಂದು ಬ್ರಹ್ಮರಥೋತ್ಸವ ಎಂದು ಊರಿಗೆಲ್ಲ ಬಾಯಿಪಾಠ. ಮುಸಲ್ಮಾನ ಬಾಂಧವರ ಹಬ್ಬಗಳಿಗೆ ಅಚ್ಚಾದ ತಾರೀಖು ಸೂಚನೆ ಮಾತ್ರ, ಚಂದ್ರದರ್ಶನವೇ ನಿರ್ಣಾಯಕ.

ಈ ಗಣನೆಗಳು ಬರಿದೆ ಪಕ್ಕಪಕ್ಕದಲ್ಲಿ ಇರುವವಲ್ಲ, ಒಂದರೊಳಗೊಂದು ಹೆಣೆದುಕೊಂಡಿವೆ. ಹಾಲೆಮರದ ತೊಗಟೆಯ ಕಷಾಯವನ್ನು ಕುಡಿಯುವ ಆಟಿ ಅಮಾವಾಸ್ಯೆಯೇ ಇದಕ್ಕೆ ಉತ್ತಮ ನಿದರ್ಶನ. ಇಲ್ಲಿ ತಿಂಗಳು ಸೂರ್ಯನದು, ತಿಥಿ ಚಂದ್ರನದು. 2023ರಲ್ಲಿ ಜುಲೈ 17 ಮತ್ತು ಆಗಸ್ಟ್ 16ರಂದು, ಹೀಗೆ ಸೂರ್ಯನು ಕರ್ಕಾಟಕದಲ್ಲಿರುವಾಗಲೇ ಎರಡು ಅಮಾವಾಸ್ಯೆಗಳು ಬಂದುವು. ಅವುಗಳ ನಡುವಣ ಚಾಂದ್ರಮಾಸದಲ್ಲಿ ಸಂಕ್ರಮಣವಿಲ್ಲದ್ದರಿಂದ ಅದು ಅಧಿಕ ಶ್ರಾವಣವಾಯಿತು.

ಸೂರ್ಯಚಂದ್ರರನ್ನು ಹೊಂದಿಸುವ ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ಸಿಂಗಪುರ, ಮಲೇಷ್ಯಾಗಳ ಚೀನೀ ಮನೆಗಳ ಕ್ಯಾಲೆಂಡರುಗಳಲ್ಲಿಯೂ ಸರಕಾರಿ ರಜೆಗಳ ಜೊತೆಗೆ ಚೀನೀ ಚಾಂದ್ರದಿನಗಳಿರುತ್ತವೆ. ಸೂರ್ಯನ ಹನ್ನೆರಡು ನಿಯತ ಬಿಂದುಗಳಲ್ಲಿ ಒಂದೂ ಬೀಳದ ತಿಂಗಳನ್ನು ಅಧಿಕವೆಂದೆಣಿಸುವುದು ಅವರ ಮೂಲನಿಯಮ. ನಮ್ಮ ಸಂಕ್ರಮಣ ನಿಯಮಕ್ಕೆ ಇದು ತೀರ ಸಮೀಪದ್ದು. ಆದರೂ ಅದೇ 2023ರಲ್ಲಿ ಅವರಿಗೆ ಅಧಿಕವಾದದ್ದು ಎರಡನೆಯ ತಿಂಗಳು, ಮಾರ್ಚ್ 22ರಿಂದ ಏಪ್ರಿಲ್ 19ರವರೆಗೆ. ಅವರ ಗಣನೆ ಸಾಯನ, ನಮ್ಮದು ನಿರಯಣ. ಎರಡರ ನಡುವೆ ಈಗ ಸುಮಾರು 24 ಅಂಶಗಳ ಅಂತರವಿದೆ. ಚೀನೀಯರು ಚಾಂದ್ರದಿನಗಳನ್ನು ಎಡೆಬಿಡದೆ ಎಣಿಸುವರು. ನಾವು ಸೂರ್ಯೋದಯಕಾಲದ ತಿಥಿಯನ್ನು ಹಿಡಿಯುವುದರಿಂದ ತಿಥಿಯು ಕೆಲವೊಮ್ಮೆ ಲೋಪವಾಗುವುದು, ಕೆಲವೊಮ್ಮೆ ಎರಡು ದಿನ ನಿಲ್ಲುವುದು.

ಈ ವೈವಿಧ್ಯವನ್ನು ಏಕಸೂತ್ರಕ್ಕೆ ತರುವ ಯತ್ನವೂ ನಡೆಯಿತು. ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು 1955ರಲ್ಲಿ ವರದಿಯನ್ನೊಪ್ಪಿಸಿತು. 1957ರ ಮಾರ್ಚ್ 22ರಂದು, ಅಂದರೆ ಶಕ 1879ರ ಚೈತ್ರ 1ರಂದು, ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಸರಕಾರಿ ರಾಜ್ಯಪತ್ರದಲ್ಲಿ ಅದಕ್ಕೆ ಸ್ಥಾನ ದೊರೆಯಿತಾದರೂ ಜನರ ನಿತ್ಯವ್ಯವಹಾರದಲ್ಲಿ ದೊರೆಯಲಿಲ್ಲ. ಕಚೇರಿ, ವ್ರತ, ಬೇಸಾಯ ಈ ಮೂರಕ್ಕೂ ಬೇರೆ ಬೇರೆ ಗಣನೆ ಬಳಕೆಯಲ್ಲಿದ್ದಾಗ ನಾಲ್ಕನೆಯದೊಂದು ಅವುಗಳ ಸ್ಥಾನವನ್ನು ತುಂಬುವುದು ಸುಲಭವಾಗಿರಲಿಲ್ಲ.

ಇತಿಹಾಸದ ವಿದ್ಯಾರ್ಥಿಗಳಿಗೆ ಇದರಲ್ಲೊಂದು ಎಚ್ಚರಿಕೆಯಿದೆ. ಆಟಿಯೆಂದರೆ ಆಷಾಢವೆಂದು ಅನುವಾದಿಸುವುದು ರೂಢಿಯಾಗಿದೆ. ವಾಸ್ತವವಾಗಿ ಆಷಾಢದಲ್ಲಿ ತೊಡಗುವ ಆಟಿಯು ಸಾಮಾನ್ಯವಾಗಿ ಶ್ರಾವಣದೊಳಕ್ಕೂ ಚಾಚುತ್ತದೆ. ಹಳೆಯ ಕಡತದ 'ಆಟಿ 20' ಎಂಬುದನ್ನು ಆಷಾಢಕ್ಕೆ ಸೇರಿಸಿದರೆ ಘಟನೆಯ ಕಾಲವೇ ವಾರಗಟ್ಟಲೆ ಹಿಂದೆಮುಂದಾದೀತು. ಇನ್ನೊಂದು ಸಂಗತಿ: ನಿರಯಣ ಸೌರವರ್ಷವು ಇಂಗ್ಲಿಷ್ ವರ್ಷಕ್ಕಿಂತ ಸ್ವಲ್ಪ ದೀರ್ಘವಾದುದರಿಂದ ಸಂಕ್ರಮಣವು ಸುಮಾರು 72 ವರ್ಷಗಳಿಗೊಮ್ಮೆ ಒಂದು ದಿನ ಮುಂದಕ್ಕೆ ಸರಿಯುತ್ತದೆ. ಇಂದಿನ ಬಿಸುವಿನ ತಾರೀಖನ್ನು ಮುನ್ನೂರು ವರ್ಷಗಳ ಹಿಂದಿನ ದಾಖಲೆಗೆ ಹಾಗೆಯೇ ಅನ್ವಯಿಸುವಂತಿಲ್ಲ. ಆದುದರಿಂದ ದೇವಸ್ಥಾನಗಳ, ಗುತ್ತುಮನೆಗಳ ಕಡತಗಳನ್ನು ಓದುವವರು ತಾರೀಖನ್ನು ಪರಿವರ್ತಿಸುವ ಮೊದಲು ಅದು ಯಾವ ಮಾನದ್ದೆಂಬುದನ್ನು ನಿರ್ಣಯಿಸಿಕೊಳ್ಳಬೇಕು. ಆ ಅಭ್ಯಾಸಕ್ಕೆ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರೇ ಮೊದಲ ಪಾಠವಾಗಬಲ್ಲುದು.