ಏರ್‌ಮೇಲ್ ಎಂಬ ಕನ್ನಡ ಪದ

ಚನ್ನರಾಯಪಟ್ಟಣದ ನಮ್ಮಜ್ಜಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ‘ಏರ್‌ಮೇಲ್’ ಎಂದರೇನೆಂದು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ‘ಮೇಲೆ ಏರ್ಕೊಂಡು ಹೋಗುತ್ತಲ್ಲ, ಅದಕ್ಕೇ ಏರ್‌ಮೇಲು ಅಂತಾರೆ ಕಣೋ’ ಎಂದು ನನಗೇ ಪಾಠ ಹೇಳಿದ್ದರು. ಏರು, ಮೇಲು, ಎರಡೂ ನಮ್ಮವೇ. ಇಂಗ್ಲಿಷಿನ ‘ಮೇಲ್’ ಮಾತ್ರ ಹಳೆಯ ಫ್ರೆಂಚಿನಿಂದ ಬಂದದ್ದು, ಅದರ ಮೂಲಾರ್ಥ ಚೀಲ. ಗಾಳಿಚೀಲಕ್ಕಿಂತ ಅಜ್ಜಿಯ ವ್ಯುತ್ಪತ್ತಿಯೇ ನನಗೆ ಹಿಡಿಸುತ್ತದೆ.

ಪುಸ್ತಕದ ಕನ್ನಡದಲ್ಲಿ ಇದು ‘ವಿಮಾನ ಅಂಚೆ’. ಅದೂ ಸಪ್ಪೆ ಮಾತೇನಲ್ಲ. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ, ಸಂಸ್ಕೃತದ ಹಂಸದ್ದೇ ತದ್ಭವ. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ ಹಕ್ಕಿ. ಟಪಾಲಿನ ಅಂಚೆಯ ನಂಟಸ್ತಿಕೆ ಬೇರೆ, ಅದು ತಮಿಳಿನ ‘ಅಂಜಲ್’ ಪಕ್ಕ ಕೂರುವ ಪದ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಕರಗಿತು. ಅಲ್ಲಿಯವರೆಗೆ ಅದು ಹರಕಾರರ ಕಾಲಿನ ಮೇಲೆ ಓಡಿದ ಅಂಚೆ. ಟಪಾಲಿಗೆ ರೆಕ್ಕೆ ಬಂದ ದಿನ ಎರಡು ಅಂಚೆಗಳೂ ಒಂದಾದವು ಅನ್ನಬಹುದೇನೋ. ನಿಘಂಟುಕಾರರು ಒಪ್ಪಲಿಕ್ಕಿಲ್ಲ.

ರೆಕ್ಕೆ ಬಂದದ್ದು 1911ರ ಫೆಬ್ರುವರಿ 18ರಂದು, ಅಲಹಾಬಾದಿನಲ್ಲಿ. ಆ್ಯನ್ರಿ ಪೆಕೆ ಎಂಬ ಫ್ರೆಂಚ್ ತರುಣ ಸುಮಾರು 6,500 ಕಾಗದ ಹೊತ್ತು ಯಮುನೆ ದಾಟಿ ನೈನಿಗೆ ಇಳಿದ. ಹತ್ತು ಕಿಲೋಮೀಟರ್ ಇದ್ದೀತು, ಹದಿಮೂರು ನಿಮಿಷ. ಸರ್ಕಾರದ ಒಪ್ಪಿಗೆ ಪಡೆದು ವಿಮಾನದಲ್ಲಿ ಟಪಾಲು ಸಾಗಿಸಿದ್ದು ಜಗತ್ತಿನಲ್ಲೇ ಅದು ಮೊದಲು ಎನ್ನುತ್ತಾರೆ.

ಕನ್ನಡ ನೆಲಕ್ಕೆ ಅದು ಇಳಿದದ್ದು ಬಳ್ಳಾರಿಯಲ್ಲಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲಾಗಿ ಮುಂಬಯಿಗೆ ಟಪಾಲು ತಂದರಲ್ಲ, ಆ ಕಥೆ ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದಕ್ಕೆ ಚೀಲ ಹೊತ್ತು ಬಳ್ಳಾರಿಗೆ ಬಂದು, ಮಾರನೆಯ ದಿನ ಮದ್ರಾಸು ಮುಟ್ಟಿಸಿದವರು ನೆವಿಲ್ ವಿನ್ಸೆಂಟ್. ಅವರನ್ನು ನೆನೆಯುವವರು ಕಡಿಮೆ. ವಿಮಾನವೋ, ಒಂದೇ ಎಂಜಿನ್ನಿನ ಪುಟ್ಟ ಪುಸ್ ಮಾತ್. ಸರ್ಕಾರ ಸಹಾಯಧನ ಕೊಡಲಿಲ್ಲ, ಹೊತ್ತ ಕಾಗದದ ತೂಕಕ್ಕೆ ತಕ್ಕಷ್ಟು ದುಡ್ಡು, ಅಷ್ಟೆ. ಏರ್ ಇಂಡಿಯಾ ಹುಟ್ಟಿದ್ದು ಈ ತಕ್ಕಡಿಯಲ್ಲಿ. ಅಮೆರಿಕದ್ದೂ ಇದೇ ಕಥೆ. ಅಲ್ಲಿ 1925ರ ಕಾಯಿದೆ ಟಪಾಲು ಸಾಗಿಸುವ ಗುತ್ತಿಗೆಯನ್ನು ಖಾಸಗಿಯವರಿಗೆ ಕೊಟ್ಟ ಮೇಲೆಯೇ ವಿಮಾನ ಕಂಪನಿಗಳು ಕಾಲೂರಿದ್ದು. ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್ ಕೂಡ ಅದಕ್ಕೆ ಮೊದಲು ಟಪಾಲು ಹೊರುತ್ತಿದ್ದವನೇ. ಮನುಷ್ಯರು ವಿಮಾನ ಹತ್ತಿದ್ದು ಕಾಗದದ ಬೆನ್ನ ಹಿಂದೆ.

ಪದದ ಹಣೆಬರಹ ತಿರುಗಿದ್ದು 1949ರಲ್ಲಿ. ಆ ಜನವರಿಯಲ್ಲಿ ರಾತ್ರಿ ಟಪಾಲು ಶುರುವಾಯಿತು. ದಿಲ್ಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲ ಅದಲುಬದಲು ಮಾಡಿಕೊಂಡು, ಬೆಳಗಿಗೆ ಊರು ಸೇರುತ್ತಿದ್ದವು. ಏಪ್ರಿಲ್‌ನಿಂದ ದೇಶದೊಳಗಿನ ಕಾಗದಕ್ಕೆ ವಿಮಾನದ ಹೆಚ್ಚುವರಿ ದರವನ್ನೇ ತೆಗೆದುಹಾಕಿದರು. ಬೇರೆ ದರವೇ ಇಲ್ಲದ ಮೇಲೆ ಬೇರೆ ಹೆಸರೇಕೆ? ಹಾಗಾಗಿ ನಮ್ಮ ಕಡೆ ‘ಏರ್‌ಮೇಲ್ ಬಂತು’ ಅಂದರೆ ಫಾರಿನ್ ಕಾಗದ ಬಂತು ಅಂತಲೇ ಅರ್ಥವಾಯಿತು. ದಿಲ್ಲಿಯ ಕಾಗದ ವಿಮಾನದಲ್ಲೇ ಬಂದಿದ್ದರೂ ಅದು ಬರೀ ಕಾಗದ.

 

ನಮ್ಮ ಮನೆಯ ಏರ್‌ಮೇಲ್ ಅಮೆರಿಕದಲ್ಲಿದ್ದ ಚಿಕ್ಕಪ್ಪನದು. ನೀಲಿ ಏರೋಗ್ರಾಮ್. ಅಂಚಿಗೆ ಚಾಕು ತೂರಿಸಿ ಮೂರು ಕಡೆ ಸೀಳಬೇಕು, ಅವಸರಪಟ್ಟರೆ ಮಡಿಕೆಯಲ್ಲಿ ಬರೆದ ಕೊನೆಯ ಸಾಲು ಹರಿದುಹೋಗುತ್ತದೆ. ಒಮ್ಮೆ ನಾನೇ ಹರಿದು, ‘ಹಣ ಕಳಿಸು’ ಎಂದಿದೆಯೋ ‘ಹಣ ಕಳಿಸುವೆ’ ಎಂದಿದೆಯೋ ತಿಳಿಯದೆ ಮನೆಮಂದಿಯೆಲ್ಲ ಎರಡು ದಿನ ವಾದ ಮಾಡಿದ್ದುಂಟು.

ಏರೋಗ್ರಾಮ್‌ನೊಳಗೆ ಏನನ್ನೂ ಇಡಬಾರದೆಂಬುದು ನಿಯಮ. ಒಂದು ಯುಗಾದಿಗೆ ಅಜ್ಜಿ ಮಂತ್ರಾಕ್ಷತೆ ಇಡಲು ಹೊರಟರು. ಬಾರದು ಎಂದೆ. ‘ನಾಕು ಕಾಳು ಅಕ್ಕಿಗೆ ಏರೋಪ್ಲೇನು ಬಗ್ಗಿಹೋಗುತ್ತೇನೋ?’ ಎಂದು ರೇಗಿದರು. ಆಮೇಲೆ ಒಂದಷ್ಟು ಹೊತ್ತು ಸುಮ್ಮನಿದ್ದು, ಉಂಗುರಬೆರಳನ್ನು ಕುಂಕುಮದಲ್ಲಿ ಅದ್ದಿ ಕಾಗದದ ನಾಲ್ಕು ಮೂಲೆಗೂ ಒತ್ತಿದರು. ಕುಂಕುಮಕ್ಕೆ ತೂಕವಿಲ್ಲ, ಯಾವ ನಿಯಮವೂ ಅದನ್ನು ತಡೆಯಲಾರದು.

ತಿಂಗಳಾದ ಮೇಲೆ ಉತ್ತರ ಬಂತು. ಚಾಕುವಿನಲ್ಲಿ ಸೀಳಿ, ಹರಿಯದೆ, ಬಿಡಿಸಿ ಓದಿದೆ. ಕ್ಷೇಮಸಮಾಚಾರಕ್ಕೂ ಮೊದಲು ಒಂದು ಸಾಲಿತ್ತು: ‘ಅಮ್ಮ, ಕುಂಕುಮ ತಲುಪಿತು.’