ಖತರ್ ಮತ್ತು ಖಾತರಿ: ಒಂದೇ ಬೇರಿನ ಎರಡು ಪದಗಳು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ನಮ್ಮ ಮನೆಗಳಲ್ಲಿ ಅಪಾಯಕ್ಕೆ ಎರಡು ಹೆಸರುಗಳಿವೆ. ಬಾವಿಯ ಅಂಚಿಗೆ ಹೋದ ಮಗುವನ್ನು ತಾಯಿ ‘ಖತ್ರಾ’ ಎಂದು ಕೂಗಿ ತಡೆಯುತ್ತಾಳೆ. ಅದೇ ಮಗು ಶಾಲೆಯ ದಾರಿಯಲ್ಲಿ ವಿದ್ಯುತ್ ಟಿ.ಸಿ.ಯ ಕಂಬದ ಮೇಲೆ ‘ಅಪಾಯ’ ಎಂಬ ಫಲಕವನ್ನು ಓದುತ್ತದೆ. ಒಂದು ಅರಬಿ ಮೂಲದ್ದು, ಇನ್ನೊಂದು ಸಂಸ್ಕೃತ ಮೂಲದ್ದು. ಇವೆರಡರ ಚರಿತ್ರೆಯಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ.

‘ಖತರ್’ ಪದದ ಅರಬಿ ಧಾತುವಿಗೆ ಅತ್ತಿತ್ತ ಆಡುವುದು, ತೂಗುವುದು ಎಂಬ ಅರ್ಥವಿದೆ. ಒಂಟೆ ಬಾಲ ಬೀಸುವುದಕ್ಕೂ ಭರ್ಜಿ ಅಲುಗಾಡುವುದಕ್ಕೂ ಅರಬರು ಈ ಕ್ರಿಯಾಪದವನ್ನೇ ಬಳಸಿದರು. ಪಂದ್ಯದಲ್ಲಿ ಒಡ್ಡುವ ಪಣಕ್ಕೂ ‘ಖತರ್’ ಎಂದೇ ಹೆಸರು, ಏಕೆಂದರೆ ಅದು ಲಾಭನಷ್ಟಗಳ ನಡುವೆ ತೂಗುವ ವಸ್ತು. ಆದುದರಿಂದಲೇ ಹನಫಿ ಫಿಕ್ಹ್ ಪಂಡಿತರು ಜೂಜನ್ನು ನಿರೂಪಿಸುವಾಗ, ಒಡೆತನವನ್ನು ‘ಖತರ್’ಗೆ ತಗುಲಿಹಾಕುವುದು ಎಂದರು. ಮನಸ್ಸಿನಲ್ಲಿ ಸುಳಿಯುವ ವಿಚಾರಕ್ಕೆ ‘ಖಾತಿರ್’ ಎಂದು ಹೆಸರಾಯಿತು. ಮುಂದೆ ಅದು ಮನಸ್ಸಿಗೇ ಹೆಸರಾಯಿತು. ನಾವು ಅತಿಥಿಗಳಿಗೆ ಮಾಡುವ ‘ಖಾತಿರ್‌ದಾರಿ’ ಈ ಪದದಿಂದಲೇ ಬಂದುದು.

ಅರಬಿ ಪದಗಳು ನಮ್ಮ ಸೀಮೆಗೆ ಬಹುಮಟ್ಟಿಗೆ ಪಾರಸಿಯ ಮೂಲಕ ಬಂದವು. ಬಿಜಾಪುರದ ಆದಿಲ್‌ಶಾಹಿಗಳ ಆಡಳಿತ, ಬಳಿಕ ಸವಣೂರಿನ ಪಠಾಣ ನವಾಬರ ದರಬಾರು, ಪೇಶ್ವೆಯವರ ಕಾಲದ ಮರಾಠಿ, ಇವೆಲ್ಲ ಆ ಪದಗಳು ನಡೆದು ಬಂದ ದಾರಿಗಳು. 1948ರಲ್ಲಿ ಸವಣೂರು ಸಂಸ್ಥಾನವು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು; 1956ರಲ್ಲಿ ಈ ಪ್ರದೇಶವು ಕನ್ನಡ ರಾಜ್ಯದೊಳಗೆ ಬಂದಿತು. ಆಳ್ವಿಕೆಗಳು ಬದಲಾದರೂ ತಾಲ್ಲೂಕು, ಜಿಲ್ಲೆ, ಅರ್ಜಿ, ಜಮೀನು ಎಂಬ ಪದಗಳು ಎಲ್ಲ ಮತದವರ ಬಾಯಲ್ಲೂ ಉಳಿದವು.

ಹಾಗೆ ಉಳಿದವುಗಳಲ್ಲಿ ‘ಖಾತರಿ’ಯೂ ಒಂದು. ‘ಖಾತಿರ್’ನಿಂದ ಹುಟ್ಟಿ, ಮನಸ್ಸಿಗಾದ ಭರವಸೆ ಎಂಬ ಅರ್ಥವನ್ನು ಪಡೆದು ಅದು ಕನ್ನಡಕ್ಕೆ ಬಂದಿತು. ಇಂದು ‘ಉದ್ಯೋಗ ಖಾತರಿ’ಯ ಕೂಲಿಗಾಗಿ ಪಂಚಾಯತಿಯ ಮುಂದೆ ನಿಲ್ಲುವ ರೈತನು ಅದನ್ನು ಪರಭಾಷೆಯ ಪದವೆಂದು ಎಣಿಸುವುದಿಲ್ಲ. ಖತರ್ ಎಂದರೆ ಅಪಾಯ, ಖಾತರಿ ಎಂದರೆ ಭರವಸೆ. ಬೇರು ಮಾತ್ರ ಒಂದೇ!

ಸಂಸ್ಕೃತದ ಕಡೆಗೆ ನೋಡಿದರೂ ಇದೇ ಸೋಜಿಗ. ‘ಇ’ ಎಂಬ ಧಾತುವಿಗೆ ಹೋಗು ಎಂದರ್ಥ. ‘ಅಪ’ ಸೇರಿದರೆ ದೂರ ಹೋಗುವುದು, ಕಳೆದುಹೋಗುವುದು: ಅದು ‘ಅಪಾಯ’. ‘ಉಪ’ ಸೇರಿದರೆ ಹತ್ತಿರ ಹೋಗುವುದು, ಗುರಿ ಮುಟ್ಟುವ ದಾರಿ: ಅದು ‘ಉಪಾಯ’. ಎರಡು ಭಾಷೆಗಳೂ ಅಪಾಯದ ಬೇರಿನಲ್ಲಿಯೇ ಪರಿಹಾರದ ಚಿಗುರನ್ನು ಇರಿಸಿಕೊಂಡಿವೆ.

ಆದರೆ ಪದವು ಸವೆಯುತ್ತಿದೆ. ಪಾರಸಿಯ ‘ನಾಕ್’ ಪ್ರತ್ಯಯಕ್ಕೆ ‘ತುಂಬಿದ’ ಎಂಬ ಅರ್ಥ. ‘ಖತರ್ನಾಕ್’ ಎಂದರೆ ಅಪಾಯ ತುಂಬಿದ್ದು. ಇಂದು ಅದು ಹೊಗಳಿಕೆಯಾಗಿದೆ. ಬೈಕನ್ನು ವೇಗವಾಗಿ ಓಡಿಸುವ ಹುಡುಗನು ‘ಖತರ್ನಾಕ್’ ಎನಿಸಿಕೊಂಡು ಹಿಗ್ಗುತ್ತಾನೆ. ಎಚ್ಚರಿಕೆಯ ಪದವೇ ಶಹಬ್ಬಾಸ್‌ಗಿರಿಯಾದರೆ ಎಚ್ಚರಿಸಲು ನಮ್ಮ ಬಳಿ ಯಾವ ಪದ ಉಳಿದೀತು? ಇನ್ನೊಂದೆಡೆ, ಹತ್ತಿಗೆ, ಗೋವಿನಜೋಳಕ್ಕೆ ಎಣ್ಣೆ ಹೊಡೆಯುವ ನಮ್ಮವರಲ್ಲಿ ಡಬ್ಬಿಯ ಮೇಲಿನ ಗುರುತನ್ನು ನೋಡುವವರು ವಿರಳ. ಅಲ್ಲಿ ಕೆಂಪು ಬಣ್ಣವು ಅತಿ ಘೋರ ವಿಷವನ್ನು, ಹಳದಿ, ನೀಲಿ, ಹಸಿರು ಬಣ್ಣಗಳು ಕ್ರಮವಾಗಿ ಅದಕ್ಕಿಂತ ಕಡಿಮೆ ವಿಷವನ್ನು ಸೂಚಿಸುತ್ತವೆ. ಮನೆಯಲ್ಲಿ ಉರ್ದು ಆಡುವ ಮಕ್ಕಳಿಗೆ ಕನ್ನಡದ ಓದು ಪರೀಕ್ಷೆಗಾಗಿ ಮಾತ್ರವಲ್ಲ, ಪ್ರಾಣರಕ್ಷಣೆಗಾಗಿಯೂ ಬೇಕು.

‘ಖತರ್’ ಪದವು ಪವಿತ್ರ ಕುರ್‌ಆನಿನಲ್ಲಿ ಬರುವುದಿಲ್ಲ. ಆದರೆ ಅಲ್ ಬಖರ ಅಧ್ಯಾಯದ 195ನೆಯ ವಚನವು, ನಮ್ಮ ಕೈಯಾರೆ ನಾವು ‘ತಹ್ಲುಕಃ’ಕ್ಕೆ, ಅಂದರೆ ವಿನಾಶಕ್ಕೆ, ಬೀಳಬಾರದೆಂದು ಎಚ್ಚರಿಸುತ್ತದೆ. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನಲ್ಲಿ ಭರವಸೆ ಇರಿಸಬೇಕೆಂದು ಪ್ರವಾದಿ(ಸ)ರವರು ಬೋಧಿಸಿದುದು ನಮಗೆ ತಿಳಿದೇ ಇದೆ. ಕಟ್ಟುವುದು ಉಪಾಯ, ಭರವಸೆಯೇ ಖಾತರಿ. ನಮ್ಮ ಮಕ್ಕಳಿಗೆ ‘ಖತ್ರಾ’ವನ್ನೂ ‘ಅಪಾಯ’ವನ್ನೂ ಅವುಗಳ ನಿಜವಾದ ತೂಕದೊಂದಿಗೆ ಕಲಿಸೋಣ.