ನಮೂನೆ 40ರ ಹಾಡುಗಳು

1980ರ ಆಗಸ್ಟ್ 29ರಂದು ಇಂಗ್ಲೆಂಡಿನ ರೆಕಾರ್ಡ್ ಅಂಗಡಿಗಳಿಗೆ ಬಂದ ಒಂದು ಎಲ್‌ಪಿಯ ಹೊದಿಕೆಯ ಮೇಲೆ ಹಾಡುಗಾರರ ಫೋಟೋ ಇರಲಿಲ್ಲ. ಇದ್ದದ್ದು ಒಂದು ಸರ್ಕಾರಿ ಕಾರ್ಡು. ನಿರುದ್ಯೋಗ ಭತ್ಯೆ ಪಡೆಯುವವರು ಕಚೇರಿಗೆ ಒಯ್ಯಬೇಕಿದ್ದ ಕಾರ್ಡು ಅದು: ಅನ್‌ಎಂಪ್ಲಾಯ್‌ಮೆಂಟ್ ಬೆನಿಫಿಟ್, ನಮೂನೆ 40. ಇಲಾಖೆಯ ಭಾಷೆಯಲ್ಲಿ ಯುಬಿ40. ತಂಡದ ಹೆಸರೂ ಅದೇ. ಭತ್ಯೆಗಾಗಿ ಹೋಗಿ ಸಹಿ ಹಾಕುವುದನ್ನು ಅಲ್ಲಿನ ಜನ ‘ಸೈನಿಂಗ್ ಆನ್’ ಎನ್ನುತ್ತಿದ್ದರು. ಕೆಲಸ ಸಿಕ್ಕಿತು, ಇನ್ನು ಭತ್ಯೆ ಬೇಡ ಎಂದು ಪಟ್ಟಿಯಿಂದ ಹೆಸರು ತೆಗೆಸಿದರೆ ಅದು ‘ಸೈನಿಂಗ್ ಆಫ್’. ಆ ಹುಡುಗರು ತಮ್ಮ ಮೊದಲ ಆಲ್ಬಂಗೆ ಇಟ್ಟ ಹೆಸರು ‘ಸೈನಿಂಗ್ ಆಫ್’.

ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ದಾಟಿದ್ದು ಅದೇ ತಿಂಗಳು. ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದು ಇನ್ನೂ ಒಂದೂವರೆ ವರ್ಷ ಆಗಿರಲಿಲ್ಲ. ಈ ಹೊದಿಕೆಯನ್ನು ತಮಾಷೆಯೆಂದು ನೋಡಿದವರಿದ್ದಾರೆ. ನನಗಂತೂ ಇದು ಆ ಕಾಲದ ಅತ್ಯಂತ ನಿಖರವಾದ ಜಾಹೀರಾತು ಅನ್ನಿಸುತ್ತದೆ. ಕೊಳ್ಳಬೇಕಾದವರ ಜೇಬಿನಲ್ಲಿ ಅದರ ಪ್ರತಿ ಆಗಲೇ ಇತ್ತಲ್ಲ!

ಎಂಟು ಜನರ ಈ ತಂಡ ಬರ್ಮಿಂಗ್‌ಹ್ಯಾಂ ನಗರದ್ದು. ಕೆರಿಬಿಯನ್ ದ್ವೀಪಗಳಿಂದಲೂ ಭಾರತ ಉಪಖಂಡದಿಂದಲೂ ಬಂದ ಕಾರ್ಮಿಕ ಕುಟುಂಬಗಳು ನೆಲೆಸಿದ್ದ ಬಾಲ್ಸಾಲ್ ಹೀತ್ ಬಡಾವಣೆಯ ಸುತ್ತಮುತ್ತ ಬೆಳೆದವರು ಅವರು. ಅಲಿ ಮತ್ತು ರಾಬಿನ್ ಕ್ಯಾಂಪ್‌ಬೆಲ್ ಸಹೋದರರ ತಂದೆ ಇಯಾನ್ ಕ್ಯಾಂಪ್‌ಬೆಲ್ ಸ್ಕಾಟ್ಲೆಂಡಿನ ಜಾನಪದ ಗಾಯಕ. ಉಳಿದವರಲ್ಲಿ ಜಮೈಕಾ ಮೂಲದವರಿದ್ದರು, ಯೆಮನ್ ಮೂಲದವರೂ ಇದ್ದರು. ರೆಗ್ಗೇ ಅವರಿಗೆ ಎಲ್ಲಿಂದಲೋ ತರಿಸಿಕೊಂಡ ಸಂಗೀತವಲ್ಲ, ಅಕ್ಕಪಕ್ಕದ ಮನೆಗಳಿಂದ ದಿನವೂ ಕೇಳುತ್ತಿದ್ದದ್ದು.

ಆದರೆ ವಾದ್ಯಗಳಿಗೆ ದುಡ್ಡು ಬೇಕಲ್ಲ? ಅಲಿಯ ಹದಿನೇಳನೆಯ ಹುಟ್ಟುಹಬ್ಬದ ದಿನ ಪಬ್ಬಿನಲ್ಲಿ ನಡೆದ ಹೊಡೆದಾಟದಲ್ಲಿ ಯಾರೋ ಗಾಜಿನ ಲೋಟದಿಂದ ಅವನ ಮುಖಕ್ಕೆ ಹೊಡೆದಿದ್ದರು. ಅಪರಾಧಕ್ಕೆ ಸಿಕ್ಕು ಗಾಯಗೊಂಡವರಿಗೆ ಸರ್ಕಾರ ಕೊಡುವ ಪರಿಹಾರವಾಗಿ ಸುಮಾರು 4,000 ಪೌಂಡ್ ಬಂತು. ಅದರಲ್ಲಿ ವಾದ್ಯಗಳನ್ನು ಕೊಂಡರು. ಹಲವರಿಗೆ ನುಡಿಸಲು ಬರುತ್ತಿರಲಿಲ್ಲ, ಕೊಂಡ ಮೇಲೆ ಕಲಿತರು. ಕೆಲಸವಿಲ್ಲದವರಿಗೆ ಅಭ್ಯಾಸಕ್ಕೆ ಸಮಯದ ಕೊರತೆಯೇ? 1979ರ ಫೆಬ್ರವರಿಯಲ್ಲಿ ‘ಹೇರ್ ಆಂಡ್ ಹೌಂಡ್ಸ್’ ಎಂಬ ಪಬ್ಬಿನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟರು. ಆಮೇಲೆ ಪ್ರಿಟೆಂಡರ್ಸ್ ತಂಡದ ಕ್ರಿಸ್ಸಿ ಹೈಂಡ್ ಇವರನ್ನು ಕೇಳಿ ಮೆಚ್ಚಿ ತಮ್ಮ ಪ್ರವಾಸಕ್ಕೆ ಕರೆದೊಯ್ದರು. ದಾರಿ ತೆರೆದದ್ದು ಅಲ್ಲಿಂದ.

ಆಲ್ಬಂ ತಯಾರಾದದ್ದು ದೊಡ್ಡ ಸ್ಟುಡಿಯೋದಲ್ಲಲ್ಲ, ಬಾಬ್ ಲ್ಯಾಂಬ್ ಎಂಬ ಡ್ರಮ್ ವಾದಕನ ಬಾಡಿಗೆ ಕೋಣೆಯಲ್ಲಿ. ದನಿ ಗುಂಯ್‌ಗುಡಲಿ ಎಂದು ಸ್ಯಾಕ್ಸೊಫೋನನ್ನು ಅಡುಗೆಮನೆಯಲ್ಲಿ ನುಡಿಸಿದರು. ತಾಳವಾದ್ಯಗಳಿಗೆ ಒಳಗೆ ಜಾಗ ಸಾಲದೆ ಹಿತ್ತಿಲಿಗೆ ಹೋದರು. ಕಿವಿಗೊಟ್ಟು ಕೇಳಿದರೆ ಅಲ್ಲಲ್ಲಿ ಹಕ್ಕಿಗಳ ದನಿಯೂ ಸಿಗುತ್ತದೆ.

ಇನ್ನು ಆ ಸಂಗೀತದ ಬಗ್ಗೆ. ತಳದಲ್ಲಿ ಅವಸರವಿಲ್ಲದ, ಭಾರವಾದ ಬೇಸ್. ಮೇಲೆ ಬ್ರಯಾನ್ ಟ್ರ್ಯಾವರ್ಸ್‌ನ ವಿಷಾದ ತುಂಬಿದ ಸ್ಯಾಕ್ಸೊಫೋನ್. ನಡುವೆ ಅಲಿಯ ತೆಳ್ಳಗಿನ, ಎತ್ತರದ ದನಿ. ಜಮೈಕಾದ ರೆಗ್ಗೇಗೆ ರಾಸ್ತಫಾರಿ ಧರ್ಮದ ದೊಡ್ಡ ಬಲವಿತ್ತು: ದೇವರು, ಗಡೀಪಾರು, ಮರಳಿ ಹೋಗಬೇಕಾದ ಪುಣ್ಯಭೂಮಿ. ಈ ಹುಡುಗರು ಲಯ, ಬೇಸ್, ಡಬ್ ಎಲ್ಲವನ್ನೂ ತಗೊಂಡರು, ಪುಣ್ಯಭೂಮಿಯನ್ನು ಮಾತ್ರ ತಗೊಳ್ಳಲಿಲ್ಲ. ಆ ಜಾಗದಲ್ಲಿ ಬಂದದ್ದು ಬರಗಾಲದ ಹಸಿವು, ಮಾರ್ಟಿನ್ ಲೂಥರ್ ಕಿಂಗ್, ಭತ್ಯೆಯ ಕಚೇರಿ. ಬೆಸುಗೆ ಸಂಗೀತವೆಂದರೆ ಎರಡು ವಾದ್ಯಗಳನ್ನು ಪಕ್ಕಪಕ್ಕದಲ್ಲಿ ಇಡುವುದಷ್ಟೇ ಎಂದುಕೊಂಡವರು ಇದನ್ನು ಕೇಳಬೇಕು. ಎಲ್‌ಪಿಯ ಜೊತೆ ಇನ್ನೊಂದು ತಟ್ಟೆಯನ್ನೂ ಕೊಟ್ಟಿದ್ದರು. ಅದರಲ್ಲಿದ್ದ ‘ಮೇಡಂ ಮೆಡುಸಾ’ ಹನ್ನೆರಡು ನಿಮಿಷ ದಾಟುವ ಹಾಡು. ಆ ಮೇಡಂ ಯಾರೆಂದು ಬ್ರಿಟನ್ನಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಡುಗಳನ್ನು ಹೊರತಂದದ್ದು ಗ್ರ್ಯಾಜುಯೇಟ್ ರೆಕಾರ್ಡ್ಸ್. ಡಡ್ಲಿ ಎಂಬ ಊರಿನ ರೆಕಾರ್ಡ್ ಅಂಗಡಿಯಿಂದ ಹುಟ್ಟಿದ ಪುಟ್ಟ ಸಂಸ್ಥೆ ಅದು. ‘ಕಿಂಗ್’ ಮತ್ತು ‘ಫುಡ್ ಫಾರ್ ಥಾಟ್’ ಹಾಡುಗಳಿದ್ದ ಮೊದಲ ಸಿಂಗಲ್ ಬ್ರಿಟನ್ನಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಆಲ್ಬಂ 2ನೇ ಸ್ಥಾನ ಮುಟ್ಟಿ, 71 ವಾರ ಪಟ್ಟಿಯಲ್ಲೇ ಉಳಿಯಿತು. ಎರಡನೇ ಸ್ಥಾನಕ್ಕಿಂತ ಈ 71 ವಾರಗಳೇ ನನಗೆ ಮುಖ್ಯವಾಗಿ ಕಾಣುತ್ತವೆ. ಜಾಹೀರಾತಿನ ಬಲದಿಂದ ಮೊದಲ ವಾರ ಮೇಲೆದ್ದು ಮೂರನೆಯ ವಾರ ಮುಳುಗುವ ಆಲ್ಬಂಗಳು ಬೇಕಾದಷ್ಟು. ಒಂದು ವರ್ಷಕ್ಕೂ ಮಿಕ್ಕಿ ನಿಧಾನವಾಗಿ ಮಾರಾಟವಾಗುತ್ತಾ ಹೋಗಬೇಕಾದರೆ ಒಬ್ಬ ಕೇಳುಗ ಇನ್ನೊಬ್ಬನಿಗೆ ಹೇಳಬೇಕು.

ದುಡ್ಡು ಬಂದ ಬೆನ್ನಲ್ಲೇ ಪರೀಕ್ಷೆಯೂ ಬಂತು. ಆಲ್ಬಂನಲ್ಲಿ ‘ಬರ್ಡನ್ ಆಫ್ ಶೇಮ್’ ಎಂಬ ಹಾಡಿದೆ. ದಕ್ಷಿಣ ಆಫ್ರಿಕಾದ ವರ್ಣಭೇದದಲ್ಲಿ ಬ್ರಿಟನ್ನಿನ ಪಾಲೆಷ್ಟು ಎಂದು ಕೇಳುವ, ಬ್ರಿಟಿಷ್ ಪ್ರಜೆಯಾಗಿ ನಾಚಿಕೆಪಡುವ ಹಾಡು. ಅದೇ ದಕ್ಷಿಣ ಆಫ್ರಿಕಾದಲ್ಲಿ ಮಾರಾಟಕ್ಕೆ ಬಂದ ಪ್ರತಿಗಳಲ್ಲಿ ಈ ಹಾಡನ್ನೇ ಕೈಬಿಡಲಾಗಿತ್ತು! ತಂಡ ಗ್ರ್ಯಾಜುಯೇಟ್‌ನಿಂದ ಹೊರನಡೆದು ‘ಡಿಇಪಿ ಇಂಟರ್‌ನ್ಯಾಷನಲ್’ ಎಂಬ ತನ್ನದೇ ಸಂಸ್ಥೆ ಕಟ್ಟಿತು. ಪ್ರತಿಭಟನೆಯ ಹಾಡಿಗೆ ಮಾರುಕಟ್ಟೆ ಸಿಕ್ಕಾಗ ಯಾವ ಹಾಡು ಎಲ್ಲಿ ಮಾರಬೇಕು ಎಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. 1981ರ ‘ಪ್ರೆಸೆಂಟ್ ಆರ್ಮ್ಸ್’ ಕೂಡ 2ನೇ ಸ್ಥಾನಕ್ಕೆ ಹೋಯಿತು.

ಮುಂದಿನ ಕಥೆ ಹೆಚ್ಚಿನವರಿಗೆ ಗೊತ್ತಿರುವಂಥದ್ದು. 1983ರಲ್ಲಿ ಬೇರೆಯವರ ಹಾಡುಗಳನ್ನೇ ಹಾಡಿದ ‘ಲೇಬರ್ ಆಫ್ ಲವ್’ ಬಂತು. ಅದರ ‘ರೆಡ್ ರೆಡ್ ವೈನ್’ ಬ್ರಿಟನ್ನಿನಲ್ಲಿ, ಐದು ವರ್ಷದ ನಂತರ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಯುಬಿ40 ಎಂದರೆ ಮದುವೆ ಪಾರ್ಟಿಗಳಲ್ಲಿ ಕೇಳುವ ಹಿತವಾದ ಸಂಗೀತ ಎಂದುಕೊಂಡ ಒಂದು ತಲೆಮಾರೇ ಬೆಳೆಯಿತು. ಅದು ಕೆಟ್ಟ ಹಾಡೇನಲ್ಲ. ಆದರೆ ಅದರ ನೆರಳಲ್ಲಿ ಮೊದಲ ಆಲ್ಬಂ ಮರೆಗೆ ಸರಿದದ್ದು ಅನ್ಯಾಯ. ಸ್ವಂತ ಸಂಸ್ಥೆಯೂ ಅವರನ್ನು ಕೊನೆಯವರೆಗೆ ಕಾಯಲಿಲ್ಲ. ಅದರ ಸಾಲಕ್ಕೆ ಸಂಬಂಧಿಸಿ 2011ರಲ್ಲಿ ತಂಡದ ನಾಲ್ವರನ್ನು ದಿವಾಳಿ ಎಂದು ಘೋಷಿಸಲಾಯಿತು.

‘ಸೈನಿಂಗ್ ಆಫ್’ನ ಮೊದಲ ಹಾಡಿನ ಹೆಸರು ‘ಟೈಲರ್’. ಗ್ಯಾರಿ ಟೈಲರ್ ಅಮೆರಿಕದ ಲೂಯಿಸಿಯಾನಾದ ಕಪ್ಪು ಹುಡುಗ. 1974ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಬಿಳಿಯ ಹುಡುಗನೊಬ್ಬನ ಕೊಲೆಯ ಆರೋಪದ ಮೇಲೆ ಬಂಧನಕ್ಕೊಳಗಾದ. ಬಿಳಿಯರೇ ತುಂಬಿದ್ದ ಜ್ಯೂರಿ ಅವನನ್ನು ಅಪರಾಧಿ ಎಂದಿತು. ಮರಣದಂಡನೆ ವಿಧಿಸಿದ್ದರು, ಆಮೇಲೆ ಅದು ಜೀವಾವಧಿ ಶಿಕ್ಷೆಯಾಯಿತು. ಆಲ್ಬಂ ಬಿಡುಗಡೆಯಾದಾಗ ಅವನು ಜೈಲಿನಲ್ಲಿದ್ದ. ‘ರೆಡ್ ರೆಡ್ ವೈನ್’ ಅಮೆರಿಕದ ರೇಡಿಯೋಗಳಲ್ಲಿ ಮೊಳಗುತ್ತಿದ್ದಾಗಲೂ ಅಲ್ಲೇ ಇದ್ದ. ಅವನು ಹೊರಬಂದದ್ದು 2016ರ ಏಪ್ರಿಲ್‌ನಲ್ಲಿ.